ಮೂಳೆ ಸವೆತಕ್ಕೆ ಚೀನೀ ಗಿಡಮೂಲಿಕೆ ಆಗುತ್ತದಾ?

ಪ್ರಶ್ನೆ: ಮೇಡಂ, ನನಗೆ 63 ವರ್ಷ. ಮೂಳೆ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ (ಮೂಳೆ ಎಷ್ಟು ಗಟ್ಟಿ ಎಂಬ ಅಳತೆ) ಮೈನಸ್ 2.8 ಬಂದಿದೆ. ಮೂಳೆ ಸವೆತ ತಡೆಯಲು ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಕೊಟ್ಟಿದ್ದಾರೆ. ನುಂಗಿದರೆ ಎದೆ ಉರಿ. ಅದರ ಬದಲು ಮಗ ಚೀನಾದಿಂದ ತಂದ ಗಿಡಮೂಲಿಕೆ ಕ್ಯಾಪ್ಸೂಲ್ ತಗೊಳ್ಳಲಾ?

ಉತ್ತರ: 'ಬದಲು' ಅಂತ ಕೇಳಿದ್ದೀರಿ ಅಲ್ವಾ, ಅದಕ್ಕೆ ಬೇಡ ಅನ್ನುತ್ತೇನೆ. ಹಾಗಂತ ಅದನ್ನು ಸುಮ್ನೆ ತಳ್ಳಿಹಾಕುವವಳೂ ನಾನಲ್ಲ.

ಚೀನಾದ ಹಳೆಯ ವೈದ್ಯದ ಪ್ರಕಾರ ಮೂಳೆಯನ್ನು ಕಾಯುವುದು ಮೂತ್ರಪಿಂಡ. ಸ್ಕ್ಯಾನ್‌ನಲ್ಲಿ ಕಾಣುವ ಕಿಡ್ನಿಯಷ್ಟೇ ಅಲ್ಲ; ಬೆಳವಣಿಗೆ, ಬಸಿರು, ಮುಪ್ಪು ಎಲ್ಲವೂ ಅದರ ಲೆಕ್ಕಕ್ಕೇ ಸೇರುತ್ತವೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಮೂಳೆ ಸವೆಯಿತು ಅಂತ ನಾವು ಹೇಳಿದರೆ, ಮೂತ್ರಪಿಂಡ ಸೊರಗಿತು ಅಂತ ಅವರು ಹೇಳುತ್ತಾರೆ.

ಆ ವೈದ್ಯ ಕಲಿತ ಗೆಳತಿಯೊಬ್ಬಳು ಒಮ್ಮೆ ಅವರು ಮೂಳೆಗೆ ಕೊಡುವ ದು ಝೋಂಗ್ ಎಂಬ ಮರದ ತೊಗಟೆಯನ್ನು ನನ್ನೆದುರು ಮುರಿದಳು. ಲಟಕ್ಕನೆ ಮುರಿಯಿತು, ಆದರೆ ಎರಡು ಹೋಳಾಗಿ ಬೀಳಲಿಲ್ಲ. ನಡುವೆ ಬೆಳ್ಳಗಿನ ಸಣ್ಣ ಎಳೆಗಳು ರಬ್ಬರಿನ ಹಾಗೆ ಹಿಗ್ಗಿ ಹಿಡಿದುಕೊಂಡವು. ಇದು ಮೂಳೆ ಕೂಡಿಸುತ್ತದೆ ಅಂತ ಯಾರಿಗಾದರೂ ಅನ್ನಿಸಬೇಕು!

ಆದರೆ ನನಗೆ ಬೇಕಾದ್ದು ಪರೀಕ್ಷೆ. ಯಿನ್ ಯಾಂಗ್ ಹ್ವೊ ಎಂಬ ಇನ್ನೊಂದು ಮೂಲಿಕೆಯ ಎಲೆಯಲ್ಲಿರುವ ಇಕಾರಿನ್ ಎಂಬ ಅಂಶ, ಲ್ಯಾಬ್‌ನಲ್ಲಿ ಮೂಳೆ ಕಟ್ಟುವ ಕೋಶಗಳಿಗೆ ಹುರುಪು ಕೊಟ್ಟಿದೆ. 2007ರಲ್ಲಿ ಪ್ರಕಟವಾದ ಎರಡು ವರ್ಷದ ಪ್ರಯೋಗದಲ್ಲಿ, ಮುಟ್ಟು ನಿಂತ 100 ಹೆಂಗಸರ ಪೈಕಿ ಇದರ ಸಾರ ತಗೊಂಡವರ ಮೂಳೆ ಅಷ್ಟಾಗಿ ಸವೆಯಲಿಲ್ಲ. ಸಂತೋಷವೇ. ಆದರೆ ಬಿದ್ದಾಗ ಸೊಂಟ ಮುರಿಯುವುದು ತಪ್ಪುತ್ತದಾ ಅನ್ನಲು 100 ಜನ ಸಾಲದು. 2014ರಲ್ಲಿ, ಚಿಕಿತ್ಸೆಗಳ ಪುರಾವೆ ಅಳೆಯುವ ಕಾಕ್ರೇನ್ ಸಂಸ್ಥೆ, ಮೂಳೆ ಸವೆತಕ್ಕೆ ಚೀನೀ ಗಿಡಮೂಲಿಕೆ ಕೊಟ್ಟು ನೋಡಿದ 108 ಪ್ರಯೋಗಗಳನ್ನು ಒಟ್ಟಿಗೆ ಜಾಲಾಡಿತು. ಗಟ್ಟಿ ಪುರಾವೆ ಸಿಗಲಿಲ್ಲ.

ನನಗೆ ಜಾಸ್ತಿ ಭಯ ಲಿವರ್‌ನದು. ಡಬ್ಬಿಯ ಮೇಲೆ 'ಬು ಗು ಝಿ' ಇದೆಯಾ, ಮಗನ ಕೈಲಿ ಓದಿಸಿ. ಅದು ಬಾಕುಚಿ ಬೀಜ. ಅದೂ ಯಿನ್ ಯಾಂಗ್ ಹ್ವೊ ಕೂಡ ಸೇರಿರುವ 'ಶ್ಯೆನ್‌ಲಿಂಗ್ ಗುಬಾವ್' ಎಂಬ ಮೂಳೆ ಔಷಧದಿಂದ ಲಿವರ್ ಕೆಡಬಹುದು ಎಂದು 2016ರಲ್ಲಿ ಚೀನಾದ ಔಷಧ ಇಲಾಖೆಯೇ ಎಚ್ಚರಿಸಿತು. ಕ್ಯಾಪ್ಸೂಲ್ ಈಗಾಗಲೇ ಶುರು ಮಾಡಿದ್ದರೆ ನಿಲ್ಲಿಸಿ, ವೈದ್ಯರಿಗೆ ಹೇಳಿ, ಲಿವರ್ ಪರೀಕ್ಷೆ ಮಾಡಿಸಿ.

ಇನ್ನು ಎದೆ ಉರಿ. ಮಾತ್ರೆಯನ್ನು ಬೆಳಗ್ಗೆ ಖಾಲಿ ಹೊಟ್ಟೆಗೆ, ಒಂದು ಲೋಟ ತುಂಬ ಬರೀ ನೀರಲ್ಲಿ ನುಂಗಬೇಕು. ಅರ್ಧ ಗಂಟೆ ಒರಗಲೂಬಾರದು, ಏನೂ ತಿನ್ನಬಾರದು. ನಾನೂ ಇದನ್ನು ನುಂಗುವವಳೇ; ಒಂದು ಸಲ ಹಾಸಿಗೆಗೆ ಮರಳಿ ಚೆನ್ನಾಗಿ ಅನುಭವಿಸಿದ್ದೇನೆ. ಹೀಗೆ ಮಾಡಿಯೂ ಉರಿ ಹೋಗದಿದ್ದರೆ, ನುಂಗುವಾಗ ನೋವಾದರೆ, ಮಾತ್ರೆ ನಿಲ್ಲಿಸಿ ವೈದ್ಯರನ್ನು ಕಾಣಿ. ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಔಷಧವೂ ಇದೆ, ಕೇಳಿ ನೋಡಿ.