ಹೊಗಳಿದರೂ ಬೈದರೂ ಅದೇ ಕುರ್ಚಿಯಲ್ಲಿ

ಪ್ರಶ್ನೆ: ಮೇಡಂ, ನಾನು ಜಯನಗರದಲ್ಲಿ ಕೌನ್ಸೆಲಿಂಗ್ ಶುರು ಮಾಡಿ ಎರಡು ವರ್ಷ. ನಾರ್ಸಿಸಿಸ್ಟಿಕ್ ಪರ್ಸನಾಲಿಟಿ ಡಿಸಾರ್ಡರ್ (ತಾನೇ ದೊಡ್ಡವನು ಅನ್ನೋ ಭಾವ, ಸದಾ ಮೆಚ್ಚುಗೆಯ ಹಸಿವು ಇರುವ ವ್ಯಕ್ತಿತ್ವದ ತೊಂದರೆ) ಅಂತ ಸೈಕಿಯಾಟ್ರಿಸ್ಟ್ ಹೇಳಿ ಕಳಿಸಿದ ಒಬ್ಬರು ಬರುತ್ತಾರೆ. ಮೊದಲ ಮೂರು ವಾರ 'ನಿಮ್ಮಂಥವರು ಬೆಂಗಳೂರಲ್ಲೇ ಇಲ್ಲ' ಅಂತಿದ್ದರು. ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಿಹಾಕಿಕೊಂಡು ನಾನು ಹತ್ತು ನಿಮಿಷ ತಡವಾದೆ. ಅವತ್ತು ಗೋಡೆ ಮೇಲಿನ ನನ್ನ ಸರ್ಟಿಫಿಕೇಟ್ ನೋಡುತ್ತಾ 'ಯಾವ ಕಾಲೇಜು ಇದು?' ಎಂದರು. ಆಮೇಲೆ ಬರೀ ಚುಚ್ಚುಮಾತು. ಅವರು ಬರೋ ದಿನ ಬೆಳಗ್ಗೆಯಿಂದಲೇ ಹೊಟ್ಟೆಯಲ್ಲಿ ಸಂಕಟ. ಬೇರೆಯವರ ಹತ್ತಿರ ಕಳಿಸಿಬಿಡಲೇ?

ಉತ್ತರ: ಈಗಲೇ ಬೇಡ. ನಿಮಗೆ ಅದು ಹತ್ತು ನಿಮಿಷದ ಟ್ರಾಫಿಕ್. ಅವರಿಗೆ 'ನೀನು ಲೆಕ್ಕಕ್ಕೇ ಇಲ್ಲ' ಅಂತ ಮುಖಕ್ಕೆ ಹೊಡೆದ ಹಾಗೆ ಕೇಳಿಸಿದೆ. ಹೊರಗೆ ದೊಡ್ಡಸ್ತಿಕೆ ಕಂಡರೂ ಒಳಗೆ ನಾಚಿಕೆ ತುಂಬಿರುತ್ತದೆ, ಅದನ್ನು ತಡೆದುಕೊಳ್ಳಲಾಗದೆ ಎದುರಿಗಿದ್ದವರನ್ನು ಚಿಕ್ಕವರನ್ನಾಗಿ ಮಾಡುತ್ತಾರೆ. ನಿಮ್ಮ ಹೊಟ್ಟೆಯ ಸಂಕಟ ಇದೆಯಲ್ಲ, 'ನಾನು ಯಾವುದಕ್ಕೂ ಸಾಲಲ್ಲ' ಅನ್ನಿಸೋದು, ಅವರು ದಿನಾ ಒಳಗೊಳಗೇ ಪಡುವ ಪಾಡು ಅದೇ ಇರಬಹುದು.

ಹಾಗಾಗಿ ನಿಮ್ಮ ಓದು, ಅನುಭವದ ಲೆಕ್ಕ ಒಪ್ಪಿಸಬೇಡಿ. ಟ್ರಾಫಿಕ್ ಕಥೆಯೂ ಬೇಡ. 'ಅವತ್ತು ನಾನು ತಡವಾಗಿ ಬಂದೆ, ನೀವೊಬ್ಬರೇ ಕಾಯ್ತಾ ಕೂತಿದ್ರಿ, ಆಗ ಏನನ್ನಿಸಿತು?' ಅಂತ ಕೇಳಿ, ಸುಮ್ನೆ ಕೂತುಕೊಳ್ಳಿ. ಉತ್ತರ ಬರಲು ಎರಡು ಮೂರು ವಾರ ಹಿಡಿಯಬಹುದು.

ಇದರಲ್ಲಿ ದೊಡ್ಡವರಿಗೇ ಒಮ್ಮತ ಇರಲಿಲ್ಲ. 1970ರ ದಶಕದಲ್ಲಿ ಷಿಕಾಗೋದ ಮನೋವಿಶ್ಲೇಷಕ ಹೈನ್ಜ್ ಕೊಹುಟ್, ಮೆಚ್ಚುಗೆಗಾಗಿ ಇರುವ ಆ ಹಸಿವನ್ನು ಮೊದಲು ಅರ್ಥ ಮಾಡಿಕೊಳ್ಳಿ ಎಂದರು. ಇನ್ನೊಬ್ಬ ಮನೋವಿಶ್ಲೇಷಕ ಆಟೋ ಕರ್ನ್‌ಬರ್ಗ್ ಮಾತ್ರ ಅದರ ಕೆಳಗಿರುವ ಸಿಟ್ಟು, ಹೊಟ್ಟೆಕಿಚ್ಚನ್ನು ನೇರವಾಗಿ ಎತ್ತಿ ಮಾತಾಡಬೇಕು ಎಂದರು. ಶುರುವಿನ ತಿಂಗಳುಗಳಲ್ಲಿ ನಾನು ಕೊಹುಟ್ ಕಡೆ. ನಂಬಿಕೆ ಹುಟ್ಟುವ ಮುಂಚೆ ತಪ್ಪು ಎತ್ತಿ ತೋರಿಸಿದರೆ ಅವರು ಎದ್ದು ಹೋಗುತ್ತಾರೆ, ಅಷ್ಟೇ.

ಹಾಗಂತ ಓಲೈಸಬೇಡಿ. ಫೀಸು, ಸಮಯ ಎಲ್ಲರಿಗಿರುವ ಹಾಗೇ ಇರಲಿ. 'ಕೋಪ ಇದ್ರೆ ಹೇಳಿ, ಕೇಳ್ತೀನಿ, ಬೈಗುಳ ಮಾತ್ರ ಬೇಡ' ಅಂತ ಮೆತ್ತಗೆ, ಆದರೆ ಖಡಾಖಂಡಿತವಾಗಿ ಹೇಳಿ.

ಈ ತೊಂದರೆಗೇ ಅಂತ ಮಾತ್ರೆ ಇಲ್ಲ. ಜೊತೆಗೆ ಖಿನ್ನತೆ ಇದ್ದರೆ ಅದಕ್ಕೆ ಔಷಧಿ ಇದೆ. ಕೆಲಸ ಹೋದಾಗ, ನಾಲ್ಕು ಜನರ ಮುಂದೆ ಅವಮಾನ ಆದಾಗ ಜಾಸ್ತಿ ಎಚ್ಚರ ಬೇಕು. ಅಳದೇ, ನಗುತ್ತಲೇ ಇದ್ದರೂ ಸಾಯುವ ಯೋಚನೆ ಬರುತ್ತಿದೆಯಾ ಅಂತ ಬಾಯಿಬಿಟ್ಟು ಕೇಳಿ. ಟೆಲಿ ಮಾನಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ನಂಬರನ್ನೂ ಬರೆದುಕೊಡಿ.

ಇನ್ನು ನೀವು. ಇಂಥವರನ್ನು ಒಬ್ಬರೇ ಹೊತ್ತುಕೊಂಡು ಓಡಾಡಬಾರದು. ಹಿರಿಯರೊಬ್ಬರ ಹತ್ತಿರ ಹದಿನೈದು ದಿನಕ್ಕೊಮ್ಮೆ ಕೂತು, ಆ ಸರ್ಟಿಫಿಕೇಟ್ ಮಾತು ಎಷ್ಟು ನೋಯಿಸಿತು ಅನ್ನೋದನ್ನೂ ಮುಚ್ಚಿಡದೆ ಹೇಳಿಕೊಳ್ಳಿ. ಮತ್ತೆ ಮುಂದಿನ ವಾರ ಮನೆಯಿಂದ ಅರ್ಧ ಗಂಟೆ ಮುಂಚೆ ಹೊರಡಿ.