ಮಾರೋಕ್ ಮುಂಚೆ ಮನೆ ರಿನೋವೇಶನ್ ಮಾಡಿಸಿದ್ರೆ ಹಾಕಿದ ದುಡ್ಡು ವಾಪಸ್ ಬರುತ್ತಾ?

ವಿಜಯನಗರದಲ್ಲಿ 30x40 ಸೈಟು, 20 ವರ್ಷದ ಮನೆ, ಮಾರೋಕ್ ಮುಂಚೆ 12 ಲಕ್ಷ ಹಾಕಿ ಮಾಡ್ಯುಲರ್ ಕಿಚನ್, ಫಾಲ್ಸ್ ಸೀಲಿಂಗ್, ಇಟಾಲಿಯನ್ ಮಾರ್ಬಲ್ ಮಾಡಿಸ್ಲಾ ಅಂತ ಕೇಳಿದೀರ. ಬೇಡ ಸರ್. ನಾನು ಸಿವಿಲ್ ಇಂಜಿನಿಯರ್, ಹೋಮ್ ಲೋನ್ ಕೊಡೋಕ್ ಮುಂಚೆ ಬ್ಯಾಂಕಿನೋರು ಮನೆ ವ್ಯಾಲ್ಯುಯೇಶನ್ ಮಾಡಿಸ್ತಾರಲ್ಲ, ಅದೇ ನನ್ ಕೆಲ್ಸ.

ಸೈಟಿಗೆ ಏರಿಯಾ ರೇಟು ಹಾಕ್ತೀವಿ. ಕಟ್ಟಡಕ್ಕೆ, ಅಷ್ಟು ಚದರ ಇವತ್ತು ಕಟ್ಟೋಕೆ ಎಷ್ಟಾಗುತ್ತೋ ಅದ್ರಲ್ಲಿ ವಯಸ್ಸಿಗೆ ತಕ್ಕಂಗೆ ಕಳೀತೀವಿ, ಆರ್‌ಸಿಸಿ ಮನೆಗೆ 60 ವರ್ಷ ಆಯಸ್ಸು, ಕೊನೆಗೆ 10% ಉಳಿಯುತ್ತೆ ಅಂತ ಹಿಡಿದ್ರೆ ನಿಮ್ದಕ್ಕೆ ಆಗ್ಲೇ 30% ಹೋಯ್ತು. ಈ ಲೆಕ್ಕದಲ್ಲಿ ಕಿಚನ್ ಕ್ಯಾಬಿನೆಟ್‌ಗೆ, ವಾರ್ಡ್‌ರೋಬ್‌ಗೆ ಕಾಲಮ್ಮೇ ಇರಲ್ಲ. ಬ್ಯಾಂಕ್ ಒಪ್ದೇ ಇರೋ ದುಡ್ಡನ್ನ ತಗೊಳೋರು ಕೈಯಿಂದ ಕೊಡ್ಬೇಕು, ಯಾರ್ ಕೊಡ್ತಾರೆ? ಅದೂ ಅಲ್ದೆ ಹಳೇ ಲೇಔಟ್‌ಗಳಲ್ಲಿ ಎಷ್ಟೋ ಜನ ಮನೆ ತಗೊಳೋದೇ ಒಡೆದು ಮೂರ್ನಾಲ್ಕು ಬಾಡಿಗೆ ಮನೆ ಕಟ್ಟೋಕೆ, ನಿಮ್ ಮಾರ್ಬಲ್ ಜೆಸಿಬಿ ಪಾಲು.

ಫಾಲ್ಸ್ ಸೀಲಿಂಗ್ ಅಂತೂ ಉಲ್ಟಾ ಹೊಡಿಯುತ್ತೆ. ಟೆರೇಸ್ ಕೆಳಗಿನ ರೂಮಲ್ಲಿ ಹೊಸ ಜಿಪ್ಸಮ್ ಕಂಡ್ರೆ ಮೊದ್ಲು ಬರೋ ಡೌಟೇ ಲೀಕೇಜ್ ಮುಚ್ಚಿದಾರೆ ಅಂತ, ನಾನೇ ಲೈಟ್ ಬಿಚ್ಚಿಸಿ ಆ ತೂತಲ್ಲಿ ಟಾರ್ಚ್ ಬಿಟ್ಟು ಸ್ಲ್ಯಾಬ್ ನೋಡ್ತೀನಿ.

ಇನ್ನೊಂದ್ ನೋಡಿರೋದು, ಎರಡು ಬೆಡ್‌ರೂಮ್ ಮಧ್ಯದ ಗೋಡೆ ಒಡ್ದು ದೊಡ್ಡ ಹಾಲ್ ಮಾಡೋರು. ಚೆನ್ನಾಗೇ ಇರುತ್ತೆ, ಆದ್ರೆ 3ಬಿಎಚ್‌ಕೆ ಹೋಗಿ 2ಬಿಎಚ್‌ಕೆ ಆಯ್ತಲ್ಲ. ಕಾರ್ ನಿಲ್ಸೋ ಜಾಗ ಮುಚ್ಚಿ ಬಾಡಿಗೆ ರೂಮ್ ಮಾಡೋದೂ ಅಷ್ಟೇ. ಪ್ಲಾನಲ್ಲಿ ಇಲ್ದೇ ಇರೋ ಫ್ಲೋರ್ ಎಬ್ಬಿಸಿದ್ರೆ ಬ್ಯಾಂಕ್ ಅದನ್ನ ಲೆಕ್ಕಕ್ಕೆ ತಗೊಳೋದು ಕಷ್ಟ, ಕೆಲವು ಸಲ ಫೈಲೇ ವಾಪಸ್.

ಖರ್ಚು ಮಾಡ್ಲೇಬೇಕು ಅಂದ್ರೆ ಟೆರೇಸ್ ವಾಟರ್‌ಪ್ರೂಫಿಂಗ್, ಬಾತ್‌ರೂಮ್ ಲೀಕೇಜ್, ಹಳೇ ವೈರಿಂಗ್, ಆಮೇಲೆ ಒಂದು ಸಾದಾ ಪೇಂಟು. ಇದ್ರಿಂದ ರೇಟ್ ಏರಲ್ಲ, ಚೌಕಾಸಿ ಮಾಡೋರಿಗೆ ನೆಪ ಸಿಗಲ್ಲ ಅಷ್ಟೇ. ಉಳಿದ ಓಡಾಟ ಪೇಪರ್ ಕಡೆ ಇರ್ಲಿ. ಇ-ಖಾತಾ, ಅಂದ್ರೆ ಆನ್‌ಲೈನ್ ಖಾತಾ, ಆಗಿದ್ಯಾ? ಈಗ ಅದಿಲ್ದೆ ರಿಜಿಸ್ಟ್ರೇಶನ್ನೇ ಆಗಲ್ಲ. ಖಾತಾ ಇನ್ನೂ ತೀರ್ಕೊಂಡಿರೋ ತಂದೆ ಹೆಸರಲ್ಲೇ ಇದ್ರೆ ಅದನ್ನ ಮೊದ್ಲು ನಿಮ್ ಹೆಸರಿಗೆ ಮಾಡಿಸ್ಕೊಳಿ, ಇಸಿ (ಆಸ್ತಿ ಮೇಲೆ ಸಾಲ, ಮಾರಾಟ ಏನೇನು ರಿಜಿಸ್ಟರ್ ಆಗಿದೆ ಅಂತ ತೋರ್ಸೋ ಪತ್ರ), ಸ್ಯಾಂಕ್ಷನ್ ಪ್ಲಾನ್, ಟ್ಯಾಕ್ಸ್ ರಸೀದಿ ಒಂದೇ ಫೈಲಲ್ಲಿ ಇಡಿ.

ಹಾಂ, ಹಿಂದೆ ಮೇಲೊಂದು ರೂಮ್ ಕಟ್ಸಿದ್ರೆ ಅದರ ಬಿಲ್ ಹುಡುಕಿ. ಮಾರಿದಾಗ ಕ್ಯಾಪಿಟಲ್ ಗೇನ್ಸ್, ಅಂದ್ರೆ ಮಾರಿದ್ರಲ್ಲಿ ಬಂದ ಲಾಭದ ಲೆಕ್ಕದಲ್ಲಿ ಅದನ್ನ ಕಳೀಬಹುದು. ಪೇಂಟು, ರಿಪೇರಿ ಸಾಮಾನ್ಯವಾಗಿ ಅದ್ರಲ್ಲಿ ಬರಲ್ಲ. 2024ರ ಜುಲೈ 23ಕ್ಕೆ ಮುಂಚೆ ತಗೊಂಡಿರೋ ಆಸ್ತಿ ಆದ್ರೆ ಇಂಡೆಕ್ಸೇಶನ್ (ಹಣದುಬ್ಬರಕ್ಕೆ ತಕ್ಕಂಗೆ ಕೊಂಡ ಬೆಲೆ ಏರಿಸಿ ಲೆಕ್ಕ ಹಾಕೋದು) ಇಲ್ದೆ 12.5% ಟ್ಯಾಕ್ಸ್, ಇಂಡೆಕ್ಸೇಶನ್ ಜೊತೆ 20%, ಯಾವ್ದ್ರಲ್ಲಿ ಕಮ್ಮಿ ಬೀಳುತ್ತೆ ಅಂತ ಆಡಿಟರ್ ಹತ್ರ ಎರಡೂ ಹಾಕಿಸಿ ನೋಡಿ.