ಅಮೆರಿಕದಲ್ಲಿ ಕಮ್ಯುನಿಕೇಶನ್ ಎಂಎ: ಕಾಲೇಜಿಗಿಂತ ಮೊದಲು ಕೋಡ್ ನೋಡಿ

ಮೈಸೂರಲ್ಲಿ ಪತ್ರಿಕೋದ್ಯಮ ಬಿಎ ಮುಗೀತು, ಅಮೆರಿಕದಲ್ಲಿ ಕಮ್ಯುನಿಕೇಶನ್ ಎಂಎ ಮಾಡಿದರೆ ಕೆಲಸ ಸಿಗುತ್ತಾ ಅಂತ ಕೇಳಿದ್ದೀರಿ. ಸಿಗುತ್ತೆ. ಆದರೆ ಕಾಲೇಜಿನ ಹೆಸರಿಗೆ ಮರುಳಾಗೋ ಮೊದಲು ಕೋರ್ಸಿನ ಸಿಐಪಿ ಕೋಡ್ ಕೇಳಿ. ಅದು ಕೋರ್ಸು ಯಾವ ವಿಷಯಕ್ಕೆ ಸೇರಿದ್ದು ಅಂತ ಹೇಳೋ ಆರಂಕಿಯ ಸಂಖ್ಯೆ, ವಿದ್ಯಾರ್ಥಿ ವೀಸಾಗೆ ಕಾಲೇಜು ಕೊಡೋ ಐ-20 ಪತ್ರದ ಮೇಲೆ ಅಚ್ಚಾಗಿರುತ್ತೆ.

ಓದಾದ ಮೇಲೆ ಕೆಲಸ ಮಾಡೋಕೆ ಒಪಿಟಿ ಅಂತ 12 ತಿಂಗಳು ಕೊಡ್ತಾರೆ. ಕೋರ್ಸು ಸರ್ಕಾರದ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಮೇಲೆ ಇನ್ನೂ 24 ತಿಂಗಳು. ಪತ್ರಿಕೋದ್ಯಮ (09.0401), ಪಿಆರ್ ಅಂದರೆ ಸಾರ್ವಜನಿಕ ಸಂಪರ್ಕ (09.0902) ಆ ಪಟ್ಟಿಯಲ್ಲಿಲ್ಲ, ಡಿಜಿಟಲ್ ಕಮ್ಯುನಿಕೇಶನ್ (09.0702) ಇದೆ. ಒಂದೇ ವಿಭಾಗದಲ್ಲಿ ಎರಡೂ ಬಗೆಯ ಕೋರ್ಸು ಇರಬಹುದು, ಹೆಸರು ನೋಡಿ ಊಹಿಸಬೇಡಿ.

ಒಪಿಟಿ ಅರ್ಜಿ ಕೋರ್ಸು ಮುಗಿಯೋ 90 ದಿನ ಮೊದಲೇ ಹಾಕಬಹುದು. ಕೆಲಸದ ಪರವಾನಗಿ ಕಾರ್ಡ್ ಬರೋಕೆ ತಿಂಗಳುಗಳೇ ಹಿಡಿಯುತ್ತೆ, ತಡ ಮಾಡಿದವರು ಆಫರ್ ಕೈಯಲ್ಲಿದ್ದೂ ಸೇರೋಕಾಗದೆ ಕೂರ್ತಾರೆ. ಒಪಿಟಿ ಶುರುವಾದ ಮೇಲೆ ಕೆಲಸವಿಲ್ಲದ ದಿನ ಒಟ್ಟು 90 ಮೀರಬಾರದು. ಸ್ಟೆಮ್ ವಿಸ್ತರಣೆಗೆ ಕಂಪನಿ ಇ-ವೆರಿಫೈನಲ್ಲಿ (ನೌಕರರಿಗೆ ಕೆಲಸದ ಅರ್ಹತೆ ಇದೆಯಾ ಅಂತ ಪರಿಶೀಲಿಸೋ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ಇರಬೇಕು, ಐ-983 ಅನ್ನೋ ತರಬೇತಿ ಯೋಜನೆಯ ಫಾರಂ ನಿಮ್ಮ ಜೊತೆ ತುಂಬಿಕೊಡಬೇಕು. ಸಣ್ಣ ಏಜೆನ್ಸಿಗಳು ಹಿಂದೆ ಸರಿಯೋದು ಇಲ್ಲೇ, ಇಂಟರ್ವ್ಯೂನಲ್ಲೇ ಕೇಳಿಬಿಡಿ.

ಒಪಿಟಿ ಮುಗಿದ ಮೇಲೂ ಕೆಲಸದಲ್ಲಿರೋಕೆ ಬೇಕಾದ ಎಚ್-1ಬಿ ಕೆಲಸದ ವೀಸಾ ಇನ್ನೊಂದು ಗಂಟು. ವರ್ಷಕ್ಕೆ 65,000 ವೀಸಾ, ಅಮೆರಿಕದಲ್ಲೇ ಮಾಸ್ಟರ್ಸ್ ಆದವರಿಗೆ ಹೆಚ್ಚುವರಿ 20,000. ಲಾಟರಿಯಲ್ಲಿ ಆಯ್ಕೆಯಾದರೂ, ಆ ಕೆಲಸಕ್ಕೆ ನಿರ್ದಿಷ್ಟ ಪದವಿ ಬೇಕೇಬೇಕು ಅಂತ ತೋರಿಸಬೇಕು. "ಯಾವುದೇ ಪದವಿ ಸಾಕು" ಅಂತ ಜಾಹೀರಾತಿನಲ್ಲಿದ್ದರೆ ಅರ್ಜಿ ಅಲ್ಲೇ ಸೊರಗುತ್ತೆ. ಸೋಶಿಯಲ್ ಮೀಡಿಯಾ, ಪಿಆರ್ ಹುದ್ದೆಗಳ ಪಾಡು ಹೆಚ್ಚಾಗಿ ಇದೇ. ಹೊಸಬರು ಮರೆಯೋ ದಾರಿ ಒಂದಿದೆ: ವಿಶ್ವವಿದ್ಯಾಲಯಗಳ ಸಂವಹನ ಕಚೇರಿ. ಅವಕ್ಕೆ ಲಾಟರಿಯೇ ಇಲ್ಲ, ವರ್ಷವಿಡೀ ಅರ್ಜಿ ಹಾಕಬಹುದು. ಸಂಬಳ ಕಮ್ಮಿ, ನೆಮ್ಮದಿ ಜಾಸ್ತಿ.

ಖಾಸಗಿಯಲ್ಲಾದರೆ ಟೆಕ್ನಿಕಲ್ ರೈಟಿಂಗ್ (ತಾಂತ್ರಿಕ ಕೈಪಿಡಿ, ವಿವರಣೆ ಬರೆಯೋದು), ಯುಎಕ್ಸ್ ರೈಟಿಂಗ್ (ಆ್ಯಪ್, ವೆಬ್‌ಸೈಟ್‌ಗಳೊಳಗಿನ ಮಾತು ಬರೆಯೋದು) ನೋಡಿ. ಗಿಟ್ (ಕಡತಗಳ ಬದಲಾವಣೆ ದಾಖಲಿಸೋ ಸಾಧನ), ಮಾರ್ಕ್‌ಡೌನ್ (ಸರಳ ಚಿಹ್ನೆಗಳಲ್ಲಿ ಬರಹ ಜೋಡಿಸೋ ಕ್ರಮ) ಕಲಿತಿರಿ. ಪೋರ್ಟ್‌ಫೋಲಿಯೋಗೆ ಐದಾರು ಬರಹ ಸಾಕು. ಒಂದರಲ್ಲಾದರೂ ಮೂಲ, ತಿದ್ದಿದ ರೂಪ, ಏಕೆ ತಿದ್ದಿದಿರಿ ಅನ್ನೋದು ಇರಲಿ. ಕನ್ನಡ ಪತ್ರಿಕೆಯ ವರದಿಗಳನ್ನೂ ಹಾಕಿ, ಪಕ್ಕದಲ್ಲಿ ಎರಡು ಸಾಲಿನ ಇಂಗ್ಲಿಷ್ ವಿವರಣೆಯೊಂದಿಗೆ. ರೆಸ್ಯೂಮೆ ಒಂದೇ ಪುಟ. ಫೋಟೋ, ಹುಟ್ಟಿದ ದಿನ, ತಂದೆ ಹೆಸರು ಯಾವುದೂ ಬೇಡ.